ಲೋಟ ಬಡಿಯುತ್ತಿದ್ದವನು

ಜೈಲಿನಲ್ಲಿ ಮನಶ್ಶಾಸ್ತ್ರಜ್ಞೆಯಾಗಿ ಕೆಲಸಕ್ಕೆ ಸೇರಿದ ಹೊಸದು. ಹಿರಿಯರೊಬ್ಬರು ಹೇಳಿದ್ದರು: "ಫೈಲಿನಲ್ಲಿ ಪರ್ಸನಾಲಿಟಿ ಡಿಸಾರ್ಡರ್ ಅಂತ ಕಂಡರೆ ಸುಮ್ನೆ ತಲೆ ಕೆಡಿಸ್ಕೋಬೇಡ. ಅವರು ಬದಲಾಗಲ್ಲ." ಯೋಚಿಸುವ, ಜನರ ಜೊತೆ ನಡೆದುಕೊಳ್ಳುವ ರೀತಿಯೇ ಬೇರೂರಿ ತೊಂದರೆ ಕೊಡುವ ಸ್ಥಿತಿಗೆ ಆ ಹೆಸರು.

ಹಾಗೆ ನಂಬಿದ್ದಕ್ಕೆ ಕಾರಣವೂ ಇತ್ತು. ಕೆನಡಾದ ಓಕ್ ರಿಡ್ಜ್ ಎಂಬ ಬಿಗಿಭದ್ರತೆಯ ಮಾನಸಿಕ ಆಸ್ಪತ್ರೆಯಲ್ಲಿ 1960ರ ದಶಕದಲ್ಲಿ ಇಂಥವರ ಚಿಕಿತ್ಸೆಗೆ ಒಂದು ದೊಡ್ಡ ಪ್ರಯೋಗ ಶುರುವಾಗಿತ್ತು. 1992ರಲ್ಲಿ ಲೆಕ್ಕ ಹಾಕಿ ನೋಡಿದರೆ, ಅಲ್ಲಿದ್ದು ಹೊರಬಂದ, ಕನಿಕರ-ಪಶ್ಚಾತ್ತಾಪ ಕಮ್ಮಿ ಇರುವ ಸೈಕೋಪಾತ್‌ಗಳು ಚಿಕಿತ್ಸೆಯೇ ಇಲ್ಲದವರಿಗಿಂತ ಜಾಸ್ತಿ ಹಿಂಸೆ ಮಾಡಿದ್ದರು. ಇದನ್ನೇ ಹಿಡಿದುಕೊಂಡು ಎಷ್ಟೋ ಜನ ಕೈತೊಳೆದುಕೊಂಡರು. ಆದರೆ ಕೊಟ್ಟ ಚಿಕಿತ್ಸೆ ಎಂಥದ್ದು? ದಿನಗಟ್ಟಲೆ ಬೆತ್ತಲೆಯಾಗಿ ಒಂದೇ ಕೋಣೆಯಲ್ಲಿ ಕೂಡಿಹಾಕುವುದು, ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಕೊಡುವುದು! ಯಾರು ತಾನೇ ಸುಧಾರಿಸುತ್ತಾರೆ?

ನಮ್ಮಲ್ಲಿ ಒಬ್ಬನಿದ್ದ. ದಿನಾ ಮಧ್ಯಾಹ್ನ ಎರಡು ಗಂಟೆಗೆ ಸ್ಟೀಲ್ ಲೋಟದಿಂದ ಸೆಲ್ಲಿನ ಬಾಗಿಲು ಬಡಿಯುತ್ತಿದ್ದ. ಶಿಕ್ಷೆ ಕೊಟ್ಟಷ್ಟೂ ಜೋರಾಗಿ. ಕೋಪ ಹತೋಟಿಯ ತರಗತಿಗೆ ಕಳಿಸಿದೆ, ಎರಡನೇ ದಿನವೇ ಎದ್ದುಹೋದ.

ಆಮೇಲೆ ವಾರ್ಡರ್‌ಗಳ ಜೊತೆ ಕೂತು ಅವನ ಫೈಲನ್ನು ಮೊದಲಿನಿಂದ ಓದಿದೆ. ಬೈಗುಳ ಎಲ್ಲಾ ದಾಖಲಾಗಿತ್ತು, ಬಾಲ್ಯಕ್ಕೆ ಮಾತ್ರ ಮೂರೇ ಸಾಲು. ಹನ್ನೆರಡು ವರ್ಷದೊಳಗೆ ಐದು ಮನೆ. ಪ್ರತಿ ಸಲ ಯಾರೋ ಒಬ್ಬರು ಒಂದು ಮಾತೂ ಹೇಳದೆ ಬಿಟ್ಟುಹೋಗಿದ್ದರು. ಎರಡು ಗಂಟೆ ಅಂದರೆ ವಾರ್ಡರ್‌ಗಳ ಡ್ಯೂಟಿ ಬದಲಾಗುವ ಹೊತ್ತು.

ಮಾಡಿದ್ದು ಇಷ್ಟೇ. ಡ್ಯೂಟಿ ಮುಗಿಸಿದವರು ಬಾಗಿಲ ಹತ್ತಿರ ನಿಂತು, "ನಾನು ಹೊರಟೆ. ಈಗ ಇಂಥವರು ಬರ್ತಾರೆ. ನಾಳೆ ಬೆಳಿಗ್ಗೆ ಮತ್ತೆ ನಾನೇ" ಅನ್ನಬೇಕು. "ಇದು ಮುದ್ದು ಮಾಡಿದ ಹಾಗಲ್ವಾ ಮೇಡಂ?" ಅಂದರು ಹೆಡ್ ವಾರ್ಡರ್. ಬಾಗಿಲು ಬಡಿದರೆ ಕೊಡುವ ಶಿಕ್ಷೆ ಇರಲಿ, ಆದರೆ ಯಾರೇ ಡ್ಯೂಟಿಯಲ್ಲಿದ್ದರೂ ಅದೇ ಶಿಕ್ಷೆ ಅಂದೆ. ನಿಜ ಹೇಳಬೇಕೆಂದರೆ ಅದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮೂರನೇ ವಾರಕ್ಕೆ ಲೋಟದ ಸದ್ದು ಅಪರೂಪವಾಯಿತು.

ಇಂಗ್ಲೆಂಡಿನಲ್ಲೂ 2011ರ ನಂತರ ಗಾಳಿ ಇದೇ ಕಡೆ ಬೀಸಿದೆ. ಇಂಥ ಕೈದಿಗಳಿಗೆಂದೇ ಇದ್ದ ಕೆಲವೇ ದುಬಾರಿ ಘಟಕಗಳಿಗೆ ಹೋಗುತ್ತಿದ್ದ ಹಣ ಹೆಚ್ಚು ಜೈಲುಗಳಿಗೆ ಹಂಚಿಕೆಯಾಯಿತು, ವಾರ್ಡರ್‌ಗಳಿಗೂ ತರಬೇತಿ ಸಿಕ್ಕಿತು. 2022ರಲ್ಲಿ ಜಾರಿಗೆ ಬಂದ ಐಸಿಡಿ-11, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಕೂಡ, ಪರ್ಸನಾಲಿಟಿ ಡಿಸಾರ್ಡರ್ ಯಾವ ವಿಧ ಅನ್ನುವುದಕ್ಕಿಂತ ಮೊದಲು ಎಷ್ಟು ತೀವ್ರ ಅಂತ ಕೇಳುತ್ತದೆ.

ಇಷ್ಟಾದ ಮೇಲೂ ನಾನೇ ಎಡವಿದೆ. ಗುರುವಾರ ಬರ್ತೀನಿ ಅಂದಿದ್ದೆ, ಮೀಟಿಂಗಿನಲ್ಲಿ ಸಿಕ್ಕಿಹಾಕಿಕೊಂಡೆ, ಹೇಳಿಯೂ ಕಳಿಸಲಿಲ್ಲ. ಶುಕ್ರವಾರ ಹೋದರೆ ಬಾಗಿಲಲ್ಲಿ ಹೊಸ ಗುಳಿಗಳು, ಅವನ ಬೆರಳಿಗೆ ಬ್ಯಾಂಡೇಜು. "ನೀವೂ ಅಷ್ಟೇ" ಅಂದ, ಗೋಡೆ ನೋಡುತ್ತಾ. ಕಾರಣ ಹೇಳಲು ಹೋಗಲಿಲ್ಲ. ತಪ್ಪಾಯಿತು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನದು ಯಾವಾಗ?" ಅಂತ ಕೇಳಿದ.