ಮಾದಕ ವಸ್ತು ಸಾಗಾಟದ ಸುಳಿವು ಸಿಕ್ಕಾಗ ಕರಾವಳಿಯವರು ಮಾಹಿತಿ ಕೊಡುವ ಕ್ರಮ

ಮಂಗಳೂರಿನ ಪಂಪ್‌ವೆಲ್ ಬಳಿ 2024ರಲ್ಲಿ ಒಬ್ಬನ ಕೈಯಲ್ಲಿ ಸಿಕ್ಕಿದ್ದು ಬರೇ 15 ಗ್ರಾಂ ಎಂಡಿಎಂಎ ಎಂಬ ಮಾದಕ ವಸ್ತು. ಅವನಿಗೆ ಅದನ್ನು ಕೊಟ್ಟವರು ಯಾರೆಂದು ಬೆನ್ನುಹತ್ತಿದ ನಗರದ ಅಪರಾಧ ಪತ್ತೆ ವಿಭಾಗವಾದ ಸಿಸಿಬಿಯ ಪೊಲೀಸರಿಗೆ ಬೆಂಗಳೂರಿನಲ್ಲಿ ನೈಜೀರಿಯಾದ ಪ್ರಜೆಯೊಬ್ಬನ ಬಳಿ 6 ಕೆ.ಜಿ.ಗೂ ಹೆಚ್ಚು ಸಿಕ್ಕಿತು. ಅಲ್ಲಿಂದಲೂ ಮುಂದಕ್ಕೆ ಹೋದಾಗ, 2025ರ ಮಾರ್ಚ್‌ನಲ್ಲಿ, ದೆಹಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಬಂದಿಳಿದ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರ ಸಾಮಾನಿನಲ್ಲಿ 37.87 ಕೆ.ಜಿ. ಪತ್ತೆಯಾಯಿತು.

ವಿದೇಶಿ ಜಾಲಗಳ ವಿಷಯದಲ್ಲಿ ಒಂದೊಂದು ದೇಶದ ದಾರಿ ಒಂದೊಂದು. ಅಮೆರಿಕವು 2025ರ ಫೆಬ್ರುವರಿಯಲ್ಲಿ ಮೆಕ್ಸಿಕೊದ ಮಾದಕ ವಸ್ತು ಜಾಲ ಸಿನಾಲೋವಾ ಸೇರಿದಂತೆ ಎಂಟು ಗುಂಪುಗಳನ್ನು ವಿದೇಶಿ ಭಯೋತ್ಪಾದಕ ಸಂಘಟನೆಗಳೆಂದು ಘೋಷಿಸಿತು. ಭಾರತ ನೆಚ್ಚಿಕೊಂಡಿರುವುದು ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯನ್ನು, ಸಾಗಾಟಗಾರರನ್ನು ಮುಂಜಾಗ್ರತೆಯಾಗಿ ಬಂಧನದಲ್ಲಿಡಲು ಅವಕಾಶ ಕೊಡುವ 1988ರ ಇನ್ನೊಂದು ಕಾಯ್ದೆಯನ್ನು ಮತ್ತು ದೆಹಲಿಯಿಂದ ಜಿಲ್ಲಾಧಿಕಾರಿಯ ಕಚೇರಿಯವರೆಗೆ ನಾಲ್ಕು ಹಂತಗಳಲ್ಲಿರುವ ಎನ್‌ಕಾರ್ಡ್ ಸಮನ್ವಯ ಸಮಿತಿಗಳನ್ನು. ಈ ಏರ್ಪಾಡಿಗೆಲ್ಲ ಬೇಕಾದದ್ದು ನಂಬಬಹುದಾದ ಮಾಹಿತಿ. ಅದನ್ನು ಹೇಗೆ ಕೊಡಬೇಕೆಂಬುದು ಮಾತ್ರ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ.

ಮೊದಲು, ಯಾರಿಗೆ ತಿಳಿಸಬೇಕೆಂಬುದು. ಮಾದಕ ವಸ್ತುವಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ‘ಮಾನಸ್’, ಸಂಖ್ಯೆ 1933. 2024ರ ಜುಲೈಯಲ್ಲಿ ಆರಂಭವಾದ ಇದಕ್ಕೆ ಹಗಲು ರಾತ್ರಿಯೆನ್ನದೆ ಕರೆ ಮಾಡಬಹುದು, ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಕಣ್ಣೆದುರೇ ಏನಾದರೂ ನಡೆಯುತ್ತಿದ್ದರೆ ತುರ್ತು ಸಂಖ್ಯೆ 112. ಕಡಲಿನ ವಿಷಯವಾದರೆ ಕರಾವಳಿ ಕಾವಲು ಪೊಲೀಸರ 1093 ಅಥವಾ ಕೋಸ್ಟ್ ಗಾರ್ಡ್‌ನ 1554. ಕಾವಲು ಪೊಲೀಸರ ಕೇಂದ್ರ ಕಚೇರಿ ಮಲ್ಪೆಯಲ್ಲೇ ಇದೆ, ಕೋಸ್ಟ್ ಗಾರ್ಡ್‌ನ ಕರ್ನಾಟಕ ಕೇಂದ್ರ ಪಣಂಬೂರಿನಲ್ಲಿದೆ. ಆದ್ದರಿಂದ ನಮ್ಮವರಿಗೆ ಇವೆರಡೂ ದೂರದ ಮಾತಲ್ಲ.

ಇನ್ನು ಏನು ಹೇಳಬೇಕೆಂಬುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ‘ತಲಪಾಡಿ ಕಡೆಯಿಂದ ರಾತ್ರಿ ಏನೋ ಮಾಲು ಬರುತ್ತದಂತೆ’ ಎಂದರೆ ಕೇಳಿಸಿಕೊಂಡವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದನ್ನೇ ‘ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಹತ್ತೂವರೆಯ ಆಸುಪಾಸಿಗೆ ಬಿಳಿ ಸ್ವಿಫ್ಟ್, ಕೆಎಲ್-14 ನೋಂದಣಿ, ಕೊನೆಯ ನಾಲ್ಕು ಅಂಕಿ ಇಂಥದ್ದು, ಪೆಟ್ರೋಲ್ ಬಂಕಿನ ಹಿಂದಿನ ಓಣಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಬೈಕಿನಲ್ಲಿ ಬಂದವರು ಕಿಟಕಿಯಿಂದ ಪೊಟ್ಟಣ ತೆಗೆದುಕೊಂಡು ಹೋಗುತ್ತಾರೆ, ಎರಡು ಸಲ ನಾನೇ ನೋಡಿದ್ದೇನೆ’ ಎಂದರೆ ಅದು ಮಾಹಿತಿ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಹೇಳಬೇಕು. ಇಷ್ಟು ಬಿಡಿಸಿ ಹೇಳಲು ಕಾರಣವಿದೆ: ಮನೆ, ವಾಹನ ಅಥವಾ ಮುಚ್ಚಿದ ಜಾಗವೊಂದನ್ನು ವಾರಂಟ್ ಇಲ್ಲದೆ ಶೋಧಿಸುವ ಮೊದಲು, ಬಂದ ಮಾಹಿತಿಯನ್ನು ಅಧಿಕಾರಿ ಬರಹಕ್ಕಿಳಿಸಬೇಕು ಮತ್ತು 72 ಗಂಟೆಯೊಳಗೆ ಅದರ ಪ್ರತಿಯನ್ನು ಮೇಲಧಿಕಾರಿಗೆ ಕಳುಹಿಸಬೇಕು ಎಂದು ಎನ್‌ಡಿಪಿಎಸ್ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಇದರಲ್ಲಿ ತಪ್ಪಿದರೆ, ಮಾಲು ಸಿಕ್ಕಿದ್ದರೂ ನ್ಯಾಯಾಲಯದಲ್ಲಿ ಮೊಕದ್ದಮೆ ಬಿದ್ದುಹೋಗಬಹುದು.

ಪ್ರಮಾಣದ ಅಂದಾಜು ಗೊತ್ತಿದ್ದರೆ ಅದನ್ನೂ ಹೇಳಿ. ಎಂಡಿಎಂಎ 10 ಗ್ರಾಂ, ಹೆರಾಯಿನ್ 250 ಗ್ರಾಂ, ಗಾಂಜಾ 20 ಕೆ.ಜಿ. ಮೀರಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಕನಿಷ್ಠ 10 ವರ್ಷ, ಜಾಮೀನು ಬಲು ಕಷ್ಟ. ಆದರೆ ತೂಕ ತಿಳಿಯಲೆಂದು ಹತ್ತಿರ ಹೋಗುವುದು, ಗಿರಾಕಿಯಂತೆ ನಟಿಸಿ ಕೊಳ್ಳುವುದು ಬೇಡವೇ ಬೇಡ. ಕೈಯಲ್ಲಿ ಪೊಟ್ಟಣವಿದ್ದರೆ ಆರೋಪಿ ನೀವೇ ಆಗುತ್ತೀರಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾಹನದ ಫೋಟೊ ಹರಿಯಬಿಡುವುದೂ ಬೇಡ. ಅದು ಪೊಲೀಸರಿಗಿಂತ ಮೊದಲು ಸಂಬಂಧಪಟ್ಟವರನ್ನೇ ತಲುಪುತ್ತದೆ.

ಬೋಟಿನವರಿಗೆ ಒಂದೆರಡು ಮಾತು ಹೆಚ್ಚು ಹೇಳಬೇಕು. 2021ರಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಎಂಬ ಹೆಸರಿನಲ್ಲಿ ಇರಾನಿನ ಮೂಲಕ ಬಂದ ಕಂಟೈನರುಗಳಲ್ಲಿ ಸುಮಾರು 3,000 ಕೆ.ಜಿ. ಹೆರಾಯಿನ್ ಸಿಕ್ಕಿತು, 2023ರ ಮೇಯಲ್ಲಿ ಕೇರಳದಾಚೆಯ ಕಡಲಿನಲ್ಲಿ ಸುಮಾರು 2,500 ಕೆ.ಜಿ. ಮೆಥಾಂಫೆಟಮೈನ್. ಈ ಎರಡು ಜಾಗಗಳ ನಡುವಿನ ಕಡಲಿನಲ್ಲಿ ನಮ್ಮ ಆಳಸಮುದ್ರದ ಬೋಟುಗಳು ಹತ್ತು-ಹನ್ನೆರಡು ದಿನ ಮೀನು ಹಿಡಿಯುತ್ತಿರುತ್ತವೆ. ದೀಪವಿಲ್ಲದೆ ನಿಂತ ಹಡಗು, ಒಂದರ ಮಗ್ಗುಲಿಗೆ ಇನ್ನೊಂದು ಬಂದು ಸಾಮಾನು ದಾಟಿಸುವುದು, ಪ್ಲಾಸ್ಟಿಕ್ ಸುತ್ತಿ ಟೇಪು ಹಚ್ಚಿ ತೇಲಿಬಿಟ್ಟ ಮೂಟೆ ಕಂಡರೆ ಬೋಟು ನಡೆಸುವ ತಾಂಡೇಲರು ಮೊದಲು ಮಾಡಬೇಕಾದದ್ದು ಜಿಪಿಎಸ್ ಪರದೆಯ ಅಕ್ಷಾಂಶ-ರೇಖಾಂಶವನ್ನೂ ಗಂಟೆಯನ್ನೂ ಬರೆದಿಟ್ಟುಕೊಳ್ಳುವುದು. ಮೊಬೈಲ್ ಸಿಗದಿದ್ದರೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲಿನಲ್ಲಿ ಕೋಸ್ಟ್ ಗಾರ್ಡನ್ನು ಕರೆಯಬಹುದು. ಆದರೆ ಆ ಚಾನೆಲನ್ನು ಸುತ್ತಲಿನ ಹಡಗುಗಳೆಲ್ಲ ಕೇಳುತ್ತಿರುತ್ತವೆ ಎಂಬ ಎಚ್ಚರವಿರಲಿ. ಅನುಮಾನದ ಹಡಗು ಹತ್ತಿರದಲ್ಲಿದ್ದರೆ ಮೊದಲು ದೂರ ಸರಿದು ಆಮೇಲೆ ಮಾತನಾಡುವುದು ಜಾಣತನ. ಮೂಟೆಯನ್ನು ಮಾತ್ರ ಬೋಟಿಗೆ ಎತ್ತಿಕೊಳ್ಳಬಾರದು.

ದಡದಲ್ಲಿರುವ ಮಾಲೀಕರಿಗೂ ಇದರಲ್ಲಿ ಪಾಲಿದೆ. ಮಾಲು ಸಾಗಿಸಿದ ಬೋಟು, ವಾಹನ ಮುಟ್ಟುಗೋಲಾಗುತ್ತದೆ; ತಪ್ಪಿಸಿಕೊಳ್ಳಬೇಕಾದರೆ ತನಗೆ ಮಾತ್ರವಲ್ಲ, ಅದನ್ನು ನಡೆಸುತ್ತಿದ್ದವನಿಗೂ ಗೊತ್ತಿರಲಿಲ್ಲ ಮತ್ತು ಇಬ್ಬರೂ ತಕ್ಕ ಎಚ್ಚರಿಕೆ ವಹಿಸಿದ್ದರು ಎಂದು ಮಾಲೀಕನೇ ಸಾಬೀತುಪಡಿಸಬೇಕು. ಬೋಟಿನ ಕೆಲಸಕ್ಕೆ ಹೊಸ ಕಲಾಸಿಯನ್ನು ಸೇರಿಸಿಕೊಳ್ಳುವಾಗ ಗುರುತಿನ ಚೀಟಿಯ ಪ್ರತಿ ತೆಗೆದಿಡುವುದು ಈ ಎಚ್ಚರಿಕೆಯ ಮೊದಲ ದಾಖಲೆ. ದೇರಳಕಟ್ಟೆ, ಮಣಿಪಾಲಗಳಲ್ಲಿ ಕೋಣೆ ಬಾಡಿಗೆಗೆ ಕೊಡುವವರಿಗೂ ಇದೇ ಮಾತು: ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟರೆ 25ನೇ ಕಲಂ ಪ್ರಕಾರ ಅಪರಾಧ. ವಿದೇಶಿಯರನ್ನು ಇಳಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು.

ಹೆಸರು ಹೊರಬಿದ್ದರೆ ಎಂಬ ಭಯ ಸಹಜ. ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎನ್ನುತ್ತದೆ 68ನೇ ಕಲಂ. ಇದರ ಇನ್ನೊಂದು ಮಗ್ಗುಲು 58ನೇ ಕಲಂ: ಜಾಗದ ತಕರಾರಿನ ಸೇಡಿಗೋ ವ್ಯಾಪಾರದ ಹೊಟ್ಟೆಕಿಚ್ಚಿಗೋ ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟು ಯಾರದೋ ಬಂಧನಕ್ಕೆ ಅಥವಾ ಶೋಧಕ್ಕೆ ಕಾರಣನಾದವನಿಗೆ ಎರಡು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಸುಳಿವು ಹೊರಗಿನವರದ್ದಾಗಿರದೆ ಮನೆಯ ಮಗನದ್ದೇ ಆಗಿದ್ದರೆ ದಾರಿ ಬೇರೆ. ವ್ಯಸನ ಬಿಡಿಸುವ ಸಲಹೆಗೆ 14446ಕ್ಕೆ ಕರೆ ಮಾಡಬೇಕು. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ, 64ಎ ಕಲಂ ಅವನನ್ನು ಮೊಕದ್ದಮೆಯಿಂದ ಕಾಯುತ್ತದೆ. ನಡುವೆ ಬಿಟ್ಟುಬಂದರೆ ಆ ರಕ್ಷಣೆಯನ್ನು ಹಿಂಪಡೆಯಬಹುದು.