ರೇಡಿಯೇಷನ್‌ನಿಂದ ಕೊಳೆತ ಧ್ವನಿಪೆಟ್ಟಿಗೆಗೆ ಎಚ್‌ಬಿಓ (ಒತ್ತಡದ ಚೇಂಬರ್‌ನಲ್ಲಿ ಕೂರಿಸಿ ಕೊಡುವ ಶುದ್ಧ ಆಕ್ಸಿಜನ್): ನನ್ನ ಅನುಭವ

‘ಗ್ರೇಡ್ 4 ಅಂದ್ರೆ ಧ್ವನಿಪೆಟ್ಟಿಗೆ ತೆಗೆದುಬಿಡಿ, ಚೇಂಬರ್‌ಗೆ ಯಾಕೆ ದುಡ್ಡು ಸುರೀತೀರಿ’ ಅಂದವರೇ ಹೆಚ್ಚು. ಕೊಳೆತದ ತೀವ್ರತೆ ಅಳೆಯುವ ಚ್ಯಾಂಡ್ಲರ್ ಗ್ರೇಡ್‌ನಲ್ಲಿ (4 ಅತಿ ತೀವ್ರ) 3, 4ರಲ್ಲೂ ಪೆಟ್ಟಿಗೆ ಉಳಿಸಿಕೊಂಡಿದ್ದೇವೆ. ಎಲ್ಲರದ್ದೂ ಉಳಿಯಲಿಲ್ಲ, ಕಾರ್ಟಿಲೇಜ್ (ಮೃದ್ವಸ್ಥಿ) ಸತ್ತು ಚರ್ಮದವರೆಗೆ ತೂತಾದವರಲ್ಲಿ ಕೆಲವರಿಗೆ ಕೊನೆಗೆ ಆಪರೇಷನ್ನೇ ಆಯಿತು.

ಮೊದಲು ಎಡವಿದ್ದು ಬಯಾಪ್ಸಿಯಲ್ಲಿ. ಕ್ಯಾನ್ಸರ್ ಮರಳಿದೆಯೇ ಅಂತ ನೋಡದೆ ಚೇಂಬರ್ ಹತ್ತಿಸುವಂತಿಲ್ಲ. ಪೆಟ್ ಸ್ಕ್ಯಾನ್ ಬರೀ ಉರಿಯೂತಕ್ಕೂ ಹೊಳೆಯುತ್ತದೆ. ಹಾಗಂತ ಮತ್ತೆ ಮತ್ತೆ ಚಿವುಟಿದರೆ ಚಿವುಟಿದ ಜಾಗವೇ ಮಾಯದೆ ಕೊಳೆಯುತ್ತದೆ. ಈಗ ಒಂದೇ ಸಲ, ಆಳಕ್ಕೆ ತೆಗೆಯುತ್ತೇವೆ.

2.4 ಎಟಿಎ (ಮಾಮೂಲಿ ವಾತಾವರಣದ 2.4 ಪಟ್ಟು ಒತ್ತಡ), ಆಕ್ಸಿಜನ್ 90 ನಿಮಿಷ, ಪ್ರತಿ 30 ನಿಮಿಷಕ್ಕೆ 5 ನಿಮಿಷ ಬರೀ ಗಾಳಿ, ವಾರಕ್ಕೆ ಐದು ದಿನ. 20 ಸೆಷನ್‌ಗೆ ಸ್ಕೋಪ್ ಹಾಕಿ ಗಂಟಲು ನೋಡುವುದು, ಆಮೇಲೆ 40ರವರೆಗೆ. ಹತ್ತಕ್ಕೇ ಬೇಸತ್ತು ಬಿಟ್ಟವರ ದುಡ್ಡು ನೀರುಪಾಲು. ಹೊಸ ರಕ್ತನಾಳ ಚಿಗುರಬೇಕಲ್ಲ! ಮೊದಲು ಇಳಿಯುವುದು ದುರ್ವಾಸನೆ, ನುಂಗುವ ನೋವು. ಊತ ನಿಧಾನ, ದನಿ ಎಲ್ಲಕ್ಕಿಂತ ಕೊನೆಗೆ.

ನಿಜವಾದ ತಲೆನೋವು ಟ್ರೇಕಿಯಾಸ್ಟಮಿ (ಉಸಿರಾಟಕ್ಕೆ ಕತ್ತಿನಲ್ಲಿ ತೂತು ಮಾಡಿ ಟ್ಯೂಬ್) ಇದ್ದವರದು. ಟ್ಯೂಬ್ ಸುತ್ತಲಿನ ಬಲೂನಿನಲ್ಲಿ (ಕಫ್) ಗಾಳಿ ಹಾಗೇ ಬಿಟ್ಟರೆ ಒತ್ತಡಕ್ಕೆ ಕುಗ್ಗಿ ಸೋರುತ್ತದೆ. ಬಾಯಿ ಮುಚ್ಚಿದ 10 ಎಂಎಲ್ ಸಿರಿಂಜ್ ಒಳಗಿಟ್ಟು ನೋಡಿದೆವು: ಪಿಸ್ಟನ್ 4ರ ಹತ್ತಿರ ಬಂದು ನಿಂತಿತು. ಸೋರಿತೆಂದು ಒಳಗೇ ಗಾಳಿ ತುಂಬಿಸಿದಿರೋ, ಮೇಲೆ ಬರುವಾಗ ಅದು ಎರಡೂವರೆ ಪಟ್ಟು ಹಿಗ್ಗಿ, ಮೊದಲೇ ಸುಟ್ಟ ಶ್ವಾಸನಾಳದ ಗೋಡೆಯನ್ನು ಒತ್ತುತ್ತದೆ. ಗಾಳಿಯ ಬದಲು ಸಲೈನ್ ತುಂಬಿ, ಸೆಷನ್ ಮುಗಿದ ಮೇಲೆ ಆ ಸಲೈನ್ ತೆಗೆದುಬಿಡಿ. ಮುಖಕ್ಕೆ ಮಾಸ್ಕ್ ಹಾಕಿ ಕೂರಿಸಿದರೆ ಆಕ್ಸಿಜನ್ ಶ್ವಾಸಕೋಶಕ್ಕೆ ಹೋಗುವುದೇ ಇಲ್ಲ, ಕತ್ತಿನ ಟ್ಯೂಬಿಗೇ ಜೋಡಿಸುವ ಟಿ-ಪೀಸ್ ಬೇಕು.

ಒಣ ಆಕ್ಸಿಜನ್‌ಗೆ ಕಫ ಹೆಕ್ಕಳಗಟ್ಟಿ ಟ್ಯೂಬ್ ಮುಚ್ಚುತ್ತದೆ. ಹೋಗುವ ಮುಂಚೆ, ಬಂದ ಮೇಲೆ ಸಲೈನ್ ನೆಬ್ಯುಲೈಸೇಷನ್. ಸಕ್ಷನ್ (ಕಫ ಹೀರಿ ತೆಗೆಯುವುದು) ಆಗದೆ ಬಾಗಿಲು ಹಾಕುವುದಿಲ್ಲ. ಆವಿ ಹಿಡಿಸಿ ಮಾತ್ರ ನೋಡಿದ್ದೆವು, ಸಾಲಲಿಲ್ಲ. ಕತ್ತಿನ ತೂತಿನ (ಸ್ಟೋಮಾ) ಸುತ್ತ ವ್ಯಾಸಲೀನ್ ಹಚ್ಚಿಕೊಂಡು ಬರುತ್ತಾರೆ, ತಲೆಗೆ ಎಣ್ಣೆ ಬೇರೆ. ಆಕ್ಸಿಜನ್‌ನಲ್ಲಿ ಬೆಂಕಿಯ ಭಯ, ಎರಡನ್ನೂ ಒರೆಸಿ, ಹತ್ತಿ ಬಟ್ಟೆ ಹಾಕಿಸಿಯೇ ಒಳಗೆ.

ಖರ್ಚು? ಸೆಷನ್ನಿಗೆ ಮೂರು ಸಾವಿರದ ಆಸುಪಾಸು ಹಿಡಿದರೆ 40ಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ, ಊಟ-ವಸತಿ ಬೇರೆ. ಬೀಡಿ ಬಿಡದವರನ್ನು ನಾನು ಹತ್ತಿಸುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಒಳಗೆ ಶುಗರ್ ಇಳಿಯುತ್ತದೆ, ಪ್ರತಿ ಸಲ ಚುಚ್ಚಿ ನೋಡಿ. 20 ದಾಟಿದ ಮೇಲೆ ದೂರದ್ದು ಮಂಜಾಗಿದೆ ಅಂತ ಬಂದರೆ ಗಾಬರಿ ಬೇಡ. ಎರಡು-ಮೂರು ತಿಂಗಳು ಹೊಸ ಕನ್ನಡಕ ಮಾಡಿಸಬೇಡಿ ಅನ್ನಿ.