ಫೈರ್‌ವಾಲ್‌ನಲ್ಲಿ ಪ್ಯಾಕೆಟ್ ಎಲ್ಲಿ ಡ್ರಾಪ್ ಆಗುತ್ತಿತ್ತು?

ನಾನು ನೆಟ್‌ವರ್ಕ್ ನೋಡಿಕೊಳ್ಳುವ ಆಫೀಸೊಂದರಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನ್ ಕರೆಗಳು ತುಂಡು ತುಂಡಾಗಿ ಕೇಳಿಸುತ್ತಿದ್ದವು. ಅಲ್ಲಿದ್ದದ್ದು ನಾಲ್ಕು ಕೋರಿನ ಹಳೆಯ ಲಿನಕ್ಸ್ ಫೈರ್‌ವಾಲ್ (ನೆಟ್‌ವರ್ಕ್‌ನಲ್ಲಿ ಹಾದುಹೋಗುವ ಡೇಟಾವನ್ನು ತಪಾಸಣೆ ಮಾಡುವ ಪೆಟ್ಟಿಗೆ), ಗಿಗಾಬಿಟ್ ಪೋರ್ಟ್. ಗ್ರಾಫ್ ಪ್ರಕಾರ ಪೋರ್ಟ್ ಅರ್ಧವೂ ತುಂಬಿಲ್ಲ, ಸಿಪಿಯು ಶೇಕಡಾ 30ರ ಆಸುಪಾಸು. ಹಾಗಾಗಿ ಎಲ್ಲರಿಗೂ ಇಂಟರ್ನೆಟ್ ಲೈನ್ ಮೇಲೇ ಅನುಮಾನ.

ಆದರೆ ಆ ಗ್ರಾಫ್ ಐದು ನಿಮಿಷದ ಸರಾಸರಿ. ನಡುವೆ ಒಂದು ಸೆಕೆಂಡ್ ಪೋರ್ಟ್ ಪೂರ್ತಿ ತುಂಬಿದರೂ ಅದರಲ್ಲಿ ಕಾಣುವುದಿಲ್ಲ. ಜೊತೆಗೆ, ಫೈರ್‌ವಾಲ್‌ನ ಕೆಲಸವನ್ನು ಪ್ಯಾಕೆಟ್ (ಡೇಟಾದ ಒಂದೊಂದು ತುಣುಕು) ಲೆಕ್ಕದಲ್ಲಿ ಅಳೆಯಬೇಕು. 1500 ಬೈಟಿನ ಪ್ಯಾಕೆಟ್‌ಗಳಾದರೆ ಗಿಗಾಬಿಟ್ ಪೋರ್ಟ್ ತುಂಬಲು ಸೆಕೆಂಡಿಗೆ ಸುಮಾರು 81 ಸಾವಿರ ಸಾಕು. 64 ಬೈಟಿನ ಪುಟ್ಟ ಫ್ರೇಮ್‌ಗಳಾದರೆ (ಕೇಬಲ್‌ನಲ್ಲಿ ಪ್ಯಾಕೆಟ್ ಹೋಗುವ ರೂಪ) 14.88 ಲಕ್ಷ! ಒಂದೊಂದಕ್ಕೂ ರೂಲ್ ನೋಡಬೇಕು, ಕನೆಕ್ಷನ್ ಟೇಬಲ್ (ಈಗ ನಡೆಯುತ್ತಿರುವ ಸಂಪರ್ಕಗಳ ಪಟ್ಟಿ) ನೋಡಬೇಕು. ಕೆಲಸ ಜಾಸ್ತಿ ಅಲ್ವಾ?

ಮೊದಲು ಈಥ್‌ಟೂಲ್‌ ಎಂಬ ಲಿನಕ್ಸ್ ಕಮಾಂಡ್‌ನಲ್ಲಿ ಪೋರ್ಟಿನ ಕೌಂಟರ್‌ಗಳನ್ನು ತೆಗೆದೆ. ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ ಲೆಕ್ಕ) ಸೊನ್ನೆ. ಅಂದರೆ ಕೇಬಲ್ ಸರಿಯಿದೆ. ಆದರೆ ಕರೆ ಕಡಿದಾಗಲೆಲ್ಲ ಆರ್‌ಎಕ್ಸ್ ಮಿಸ್ಡ್ (ಬಂದರೂ ಒಳಗೆ ತೆಗೆದುಕೊಳ್ಳಲಾಗದ ಪ್ಯಾಕೆಟ್‌ಗಳ ಲೆಕ್ಕ) ಏರುತ್ತಿತ್ತು. ಇಲ್ಲಿ ಒಟ್ಟು ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಅದು ಹಳೆಯದನ್ನೆಲ್ಲ ಕೂಡಿಸಿಕೊಂಡು ಬಂದದ್ದು. ಎರಡು ಸಲ ನೋಡಿ ವ್ಯತ್ಯಾಸ ತೆಗೆಯಿರಿ. ಕನೆಕ್ಷನ್ ಟೇಬಲ್ ತುಂಬಿದೆ ಎನ್ನುವ ಸಂದೇಶ ಕರ್ನಲ್ ಲಾಗ್‌ನಲ್ಲಿ ಇರಲಿಲ್ಲ. ಹಾಗಾದರೆ ಪ್ಯಾಕೆಟ್ ನೆಟ್‌ವರ್ಕ್ ಕಾರ್ಡಿನಲ್ಲೇ ಬೀಳುತ್ತಿದೆ. ರಿಂಗ್ ಬಫರ್ (ಬಂದ ಪ್ಯಾಕೆಟ್‌ಗಳು ಸಿಪಿಯುಗಾಗಿ ಕಾಯುವ ಜಾಗ) ತುಂಬುತ್ತಿದೆ, ಅದನ್ನು ಖಾಲಿ ಮಾಡಲು ಸಿಪಿಯುಗೆ ಪುರುಸೊತ್ತಿಲ್ಲ.

ಸಿಪಿಯು ಬಳಕೆ ತೋರಿಸುವ ಟಾಪ್ ಕಮಾಂಡ್ ತೆರೆದು, ಒಂದೊಂದು ಕೋರನ್ನೂ ಬೇರೆ ಬೇರೆ ನೋಡಲು 1 ಒತ್ತಿದೆ. ಕಾರಣ ಸಿಕ್ಕಿತು. ಮೊದಲ ಕೋರ್ ನೂರಕ್ಕೆ ನೂರು, ಬಹುಪಾಲು ಸಾಫ್ಟ್ ಇಂಟರಪ್ಟ್ (ಇಲ್ಲಿ, ಬಂದ ಪ್ಯಾಕೆಟ್‌ಗಳನ್ನು ನೋಡುವ ಕರ್ನಲ್ ಕೆಲಸ). ಉಳಿದ ಮೂರಕ್ಕೆ ಹೆಚ್ಚೇನೂ ಕೆಲಸವಿಲ್ಲ. ಸರಾಸರಿ 30 ಬಂದದ್ದು ಹೀಗೆ. ಕಾರ್ಡಿಗೆ ನಾಲ್ಕು ಕ್ಯೂ (ಪ್ಯಾಕೆಟ್‌ಗಳ ಸಾಲು) ಇದ್ದರೂ ಎಲ್ಲದರ ಇಂಟರಪ್ಟ್ (ಪ್ಯಾಕೆಟ್ ಬಂದಿದೆ ಎಂದು ಸಿಪಿಯುಗೆ ಹೋಗುವ ಕರೆ) ಒಂದೇ ಕೋರಿಗೆ ಹೋಗುತ್ತಿತ್ತು. ಇವನ್ನು ಕೋರ್‌ಗಳಿಗೆ ಹಂಚಬೇಕಾದ ಐಆರ್‌ಕ್ಯೂ ಬ್ಯಾಲೆನ್ಸ್ ಎಂಬ ಪ್ರೋಗ್ರಾಂ ಓಡುತ್ತಲೇ ಇರಲಿಲ್ಲ.

ಒಂದೊಂದು ಕ್ಯೂವನ್ನು ಒಂದೊಂದು ಕೋರಿಗೆ ನಾನೇ ಹಂಚಿದೆ. ಹೀಗೆ ಕೈಯಾರೆ ಹಂಚಿದ ಮೇಲೆ ಐಆರ್‌ಕ್ಯೂ ಬ್ಯಾಲೆನ್ಸ್ ಶುರು ಮಾಡಿದರೆ ಅದು ಬದಲಿಸಿಬಿಡಬಹುದು. ಡ್ರಾಪ್ ಬಹಳ ಕಡಿಮೆಯಾಯಿತು. ಆಮೇಲೆ ರಿಂಗ್ ಬಫರ್ 256ರಿಂದ 1024ಕ್ಕೆ ಏರಿಸಿದೆ. ನೀವು ಇದನ್ನು ಆಫೀಸ್ ಮುಗಿದ ಮೇಲೆ ಮಾಡಿ, ಏಕೆಂದರೆ ಹಲವು ಕಾರ್ಡುಗಳಲ್ಲಿ ಪೋರ್ಟ್ ಕ್ಷಣಕಾಲ ಡೌನ್ ಆಗುತ್ತದೆ. ಸುಮ್ನೆ 4096ಕ್ಕೆ ಏರಿಸುವುದು ನನಗೆ ಒಪ್ಪಿಗೆಯಿಲ್ಲ. ಸಿಪಿಯು ಹಿಂದೆ ಬಿದ್ದಿದ್ದರೆ ದೊಡ್ಡ ಬಫರ್ ಪ್ಯಾಕೆಟ್‌ಗಳನ್ನು ಕಾಯಿಸುತ್ತದೆ ಅಷ್ಟೇ. ಧ್ವನಿ ಕರೆಗೆ ಆ ತಡವೂ ತೊಂದರೆಯೇ.

ಆದರೂ ಹನ್ನೊಂದಕ್ಕೆ ಒಂದಷ್ಟು ಡ್ರಾಪ್ ಉಳಿದೇ ಇತ್ತು. ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿದರೆ ಬ್ಯಾಕಪ್ ಕಾಣಿಸಿತು. ಫೈಲ್ ಸರ್ವರ್ ಒಂದು ವಿಎಲ್ಯಾನ್‌ನಲ್ಲಿ (ಆಫೀಸ್ ನೆಟ್‌ವರ್ಕ್‌ನೊಳಗೆ ಬೇರ್ಪಡಿಸಿದ ಭಾಗ), ಬ್ಯಾಕಪ್ ಪೆಟ್ಟಿಗೆ ಇನ್ನೊಂದರಲ್ಲಿ, ಡೇಟಾ ಪೂರ್ತಿ ಫೈರ್‌ವಾಲ್ ಮೂಲಕ. ಪ್ಯಾಕೆಟ್‌ಗಳ ಸಾಲು ತಪ್ಪಬಾರದೆಂದು ಕಾರ್ಡ್ ಒಂದು ಕನೆಕ್ಷನ್ನನ್ನು ಒಂದೇ ಕ್ಯೂಗೆ ಕಳಿಸುತ್ತದೆ. ಹಾಗಾಗಿ ಎಷ್ಟು ಕೋರ್ ಇದ್ದರೂ ಆ ಒಂದು ಹರಿವು ಒಂದೇ ಕೋರಿನ ಪಾಲು. ಒಂದೇ ವಿಪಿಎನ್ ಟನಲ್ (ಗೂಢಲಿಪೀಕರಿಸಿದ ಸಂಪರ್ಕ) ಇದ್ದರೂ ಹಲವು ಸಲ ಇದೇ ಕಷ್ಟ. ಡೇಟಾ ಫೈರ್‌ವಾಲ್‌ಗೆ ಬರದಂತೆ ಬ್ಯಾಕಪ್ ಪೆಟ್ಟಿಗೆಯನ್ನು ಸರ್ವರ್ ಇದ್ದ ವಿಎಲ್ಯಾನ್‌ಗೇ ಸೇರಿಸಿದೆವು. ಆಮೇಲೆ ಹನ್ನೊಂದರ ಹೊತ್ತಿಗೂ ಕೌಂಟರ್ ಏರಲಿಲ್ಲ.